ಕರಾವಳಿ ಕಾದಂಬರಿ: ದಕ್ಷಿಣ ಕನ್ನಡದ ನೆಲ, ಸಂಸ್ಕೃತಿ ಮತ್ತು ಕಥಾಸಂವಿಧಾನ

ಕರಾವಳಿ ಕಾದಂಬರಿ ಎಂಬುದು ಮಂಗಳೂರನ್ನು ಕೇಂದ್ರವಾಗಿ ಹೊಂದಿದ್ದ ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯ ಭೂಗುಣ, ಮಳೆ-ಬೆಳೆಯ ಕ್ರಮ, ಜಮೀನಿನ ಒಡೆತನ, ವಂಶಪದ್ಧತಿ, ದೈವನಂಬಿಕೆ ಮತ್ತು ಬಹುಭಾಷಿಕ ಬದುಕು ವಸ್ತುವನ್ನೂ ಕಥಾಸಂವಿಧಾನವನ್ನೂ ರೂಪಿಸಿದ ಕಾದಂಬರಿಗಳ ವರ್ಗ. ಇಂದಿನ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳು, 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡು ಇದರ ನೆಲ. ಬಹುಪಾಲು ಕೃತಿಗಳು ಕನ್ನಡದವು. ತುಳು ಮತ್ತು ಕೊಂಕಣಿಯಲ್ಲೂ ಕೆಲವು ಮುಖ್ಯ ಕೃತಿಗಳಿವೆ. 1899ರ ‘ಇಂದಿರಾಬಾಯಿ’ಯಿಂದ ಆರಂಭವಾಗುವ ಈ ಪರಂಪರೆ ಶಿವರಾಮ ಕಾರಂತರಲ್ಲಿ ತನ್ನ ಪೂರ್ಣರೂಪ ಪಡೆಯಿತು. 1980ರ ದಶಕದಿಂದೀಚೆಗೆ ಮುಸ್ಲಿಂ, ಬಂಟ, ಸಾರಸ್ವತ ಮೊದಲಾದ ಸಮುದಾಯಗಳ ಒಳಲೋಕಗಳಿಗೆ ಅದು ವಿಸ್ತರಿಸಿತು.

ವ್ಯಾಪ್ತಿ ಮತ್ತು ಪರಿಭಾಷೆ

ಈ ಲೇಖನದಲ್ಲಿ ‘ವಸ್ತು’ ಎಂದರೆ ಕಾದಂಬರಿ ವಿಚಾರಿಸುವ ಪ್ರಶ್ನೆ. ‘ಕಥಾಸಂವಿಧಾನ’ ಎಂದರೆ ಘಟನೆಗಳು ಒಂದರಿಂದ ಒಂದು ಹುಟ್ಟುವ ಕ್ರಮ. ಊರು, ಹೊಳೆ, ಗದ್ದೆಗಳು ಬರಿಯ ಹಿನ್ನೆಲೆಯಾಗಿ ಬರುವ ಕೃತಿಗಳು ಎಲ್ಲ ಸಾಹಿತ್ಯಗಳಲ್ಲೂ ಇವೆ. ಕಥೆಯನ್ನು ಬೇರೊಂದು ಸೀಮೆಗೆ ಸಾಗಿಸಿದರೆ ಅದರ ಘಟನೆಗಳೇ ನಡೆಯಲಾರವು ಎನ್ನುವಂತಿದ್ದಾಗ ಮಾತ್ರ ಅದನ್ನು ಪ್ರಾದೇಶಿಕ ಕಾದಂಬರಿ ಎನ್ನುವುದು ಸರಿ. ಇಂಗ್ಲಿಷಿನಲ್ಲಿ ಮರಿಯಾ ಎಜ್‌ವರ್ತ್‌ಳ ‘ಕ್ಯಾಸಲ್ ರ‍್ಯಾಕ್‌ರೆಂಟ್’ (1800) ಈ ಪ್ರಕಾರದ ಮೊದಲ ಮಾದರಿಗಳಲ್ಲೊಂದು. ಥಾಮಸ್ ಹಾರ್ಡಿಯ ವೆಸೆಕ್ಸ್ ಕಾದಂಬರಿಗಳು ಅದಕ್ಕೆ ಪ್ರತಿಷ್ಠೆ ತಂದವು. ಹಿಂದಿಯಲ್ಲಿ ಫಣೀಶ್ವರನಾಥ ರೇಣು ಅವರ ‘ಮೈಲಾ ಆಂಚಲ್’ (1954) ಆಂಚಲಿಕ ಕಾದಂಬರಿ ಎಂಬ ಹೆಸರನ್ನೇ ನೆಲೆಗೊಳಿಸಿತು. ಕನ್ನಡದಲ್ಲಿ ಮಲೆನಾಡಿಗೆ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967), ಉತ್ತರ ಕರ್ನಾಟಕಕ್ಕೆ ರಾವಬಹಾದ್ದೂರರ ‘ಗ್ರಾಮಾಯಣ’ (1957), ನಂಜನಗೂಡು ಸೀಮೆಗೆ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984) ಇಂಥ ಕೃತಿಗಳು.

ಉತ್ತರ ಕನ್ನಡವೂ ಕರಾವಳಿಯೇ. ಆದರೂ ಯಶವಂತ ಚಿತ್ತಾಲ, ವಿವೇಕ ಶಾನಭಾಗ ಮೊದಲಾದವರ ಕೃತಿಗಳನ್ನು ಇಲ್ಲಿ ಸೇರಿಸಿಲ್ಲ. 1862ರಲ್ಲಿ ಕೆನರಾದ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಭಾಗ ಮದ್ರಾಸು ಪ್ರಾಂತದಲ್ಲೇ ಉಳಿಯಿತು. ಆಡಳಿತ, ಶಿಕ್ಷಣ, ಭೂ ಕಾನೂನು ಅಲ್ಲಿಂದ ಮುಂದೆ ಬೇರೆಬೇರೆ ದಾರಿ ಹಿಡಿದವು. ತಾಯಿಯ ಕಡೆಯಿಂದ ವಂಶ ಸಾಗುವ ಅಳಿಯಸಂತಾನ, ಭೂತಾರಾಧನೆ ಮತ್ತು ತುಳು ಒಟ್ಟಾಗಿ ಬರುವುದು ದಕ್ಷಿಣ ಭಾಗದ ಲಕ್ಷಣ.

ಹುಟ್ಟು

ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. 1841ರಲ್ಲಿ ಅದರ ಮುದ್ರಣಾಲಯ ಆರಂಭವಾಯಿತು, 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರತಂದ. ಅಚ್ಚುಕೂಟ, ಇಂಗ್ಲಿಷ್ ಶಾಲೆ, ಜಿಲ್ಲಾ ಕಚೇರಿ, ನ್ಯಾಯಾಲಯ ಇವೆಲ್ಲ ಒಂದೇ ಪೇಟೆಯಲ್ಲಿ ಸೇರಿದ್ದರಿಂದ ಗದ್ಯ ಓದುವ ಒಂದು ನೌಕರವರ್ಗ ಇಲ್ಲಿ ಬೇಗ ಬೆಳೆಯಿತು. ಮೊದಲ ಕಾದಂಬರಿಕಾರರು ಬಂದದ್ದು ಆ ವರ್ಗದಿಂದಲೇ.

ಗುಲ್ವಾಡಿ ವೆಂಕಟರಾಯರು (1844–1913) ಪೊಲೀಸ್ ಇಲಾಖೆಯ ಅಧಿಕಾರಿ. ಅವರ ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು’ 1899ರಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎಂದು ಅದನ್ನು ಸಾಮಾನ್ಯವಾಗಿ ಗುರುತಿಸುತ್ತಾರೆ. ಬಾಲ್ಯದಲ್ಲೇ ವಿಧವೆಯಾದ ಸಾರಸ್ವತ ಹುಡುಗಿಯೊಬ್ಬಳು ತವರಿನ ಕಪಟ ಸನ್ಯಾಸಿಗಳ ಕೂಟದಿಂದ ತಪ್ಪಿಸಿಕೊಂಡು, ಓದಿ, ಮರುಮದುವೆಯಾಗುವುದು ಕಥೆ. ಕಮಲಪುರವೆಂಬ ಕಲ್ಪಿತ ಪಟ್ಟಣದ ಮರೆಯಲ್ಲಿ ಮಂಗಳೂರಿನ ಸಮಾಜ ಕಾಣುತ್ತದೆ. ನ್ಯಾಯಾಲಯ, ಲಂಚ, ಮಠದ ಬಹಿಷ್ಕಾರ, ಸಮುದ್ರ ದಾಟಿ ಓದಿಬರುವ ಹುಡುಗ: ಕಥೆಯ ಪ್ರತಿ ತಿರುವಿಗೂ ಆ ಕಾಲದ ಮಂಗಳೂರಿನಲ್ಲಿ ಒಂದೊಂದು ಸಂಸ್ಥೆಯೋ ವಿವಾದವೋ ಇತ್ತು. ಜಿಲ್ಲೆಯ ಬ್ರಿಟಿಷ್ ಅಧಿಕಾರಿ ಎಂ. ಇ. ಕೌಚ್‌ಮನ್ ಮಾಡಿದ ಇಂಗ್ಲಿಷ್ ಅನುವಾದ 1903ರಲ್ಲಿ ಪ್ರಕಟವಾಯಿತು. ಬೋಳಾರ ಬಾಬುರಾಯರ ‘ವಾಗ್ದೇವಿ’ (1905) ಮಠದೊಳಗಿನ ಅನಾಚಾರ ಮತ್ತು ಆಸ್ತಿಯ ವ್ಯವಹಾರಗಳನ್ನು ವಸ್ತುವಾಗಿಸಿತು. ಈ ಘಟ್ಟದ ಕೃತಿಗಳಲ್ಲಿ ಸಮುದಾಯವಿದೆ, ಪೇಟೆಯಿದೆ; ಮಣ್ಣು, ಮಳೆ, ಬೇಸಾಯಗಳು ಇನ್ನೂ ಒಳಗೆ ಬಂದಿಲ್ಲ. ಅವು ಬರಲು ಕಾರಂತರ ‘ಚೋಮನ ದುಡಿ’ಯವರೆಗೆ (1933) ಕಾಯಬೇಕಾಯಿತು.

ನೆಲ, ನೀರು, ಮಳೆ

ಪಶ್ಚಿಮ ಘಟ್ಟಕ್ಕೂ ಅರಬ್ಬೀ ಸಮುದ್ರಕ್ಕೂ ನಡುವಿನ ಈ ಪಟ್ಟಿಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ; ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಘಟ್ಟದಿಂದ ಇಳಿಯುವ ಹೊಳೆಗಳು ಚಿಕ್ಕವು, ಮಳೆಗಾಲದಲ್ಲಿ ರಭಸದವು. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಮಂಗಳೂರಿನ ಅಳಿವೆಯಲ್ಲಿ ಒಟ್ಟಾಗಿ ಕಡಲು ಸೇರುತ್ತವೆ. ನೆಲ ಮಟ್ಟಸವಾಗಿಲ್ಲ. ಮೇಲೆ ಮುರಕಲ್ಲಿನ ಪದವು, ಇಳಿಜಾರಿನಲ್ಲಿ ಮನೆ ಮತ್ತು ತೋಟ, ತಗ್ಗಿನಲ್ಲಿ ಗದ್ದೆ. ಗದ್ದೆಗಳಲ್ಲೂ ನೀರಿನ ಆಸರೆಗೆ ತಕ್ಕಂತೆ ಬೈಲು, ಮಜಲು, ಬೆಟ್ಟು ಎಂಬ ಮೂರು ದರ್ಜೆ. ಬೆಳೆಗಳಲ್ಲಿ ಏಣೆಲು, ಸುಗ್ಗಿ, ಕೊಳಕೆ.

ಈ ಭೂಗುಣ ಕಥಾಸಂವಿಧಾನದ ಮೇಲೆ ಮಾಡಿದ ಮೊದಲ ಪರಿಣಾಮ ಮನೆಗಳ ಹಂಚಿಕೆಯಿಂದ ಬಂದದ್ದು. ಬಯಲುಸೀಮೆಯಂತೆ ಇಲ್ಲಿ ಒತ್ತೊತ್ತಾಗಿ ಕಟ್ಟಿದ ಹಳ್ಳಿಗಳಿಲ್ಲ. ಅವರವರ ಗದ್ದೆ, ತೋಟದ ಬದಿಯಲ್ಲಿ ಒಂಟಿ ಮನೆಗಳು, ನಡುವೆ ಕಾಡು, ತೋಡು, ಹೊಳೆ. ಹಾಗಾಗಿ ‘ಗ್ರಾಮಾಯಣ’ದಲ್ಲಿ ಊರೇ ಒಂದು ಪಾತ್ರವಾಗುವಂತೆ ಕರಾವಳಿ ಕಾದಂಬರಿಯಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಪಾತ್ರವಾಗುವುದು ಮನೆ. ಜನ ಒಟ್ಟು ಸೇರಲು ಜಾತ್ರೆ, ಕೋಲ (ದೈವಾರಾಧನೆಯ ಉತ್ಸವ), ಯಕ್ಷಗಾನ, ಕಂಬಳದಂಥ ಸಂದರ್ಭ ಬೇಕು. ಉಳಿದಂತೆ ಒಬ್ಬರು ಇನ್ನೊಬ್ಬರನ್ನು ಕಾಣಬೇಕಾದರೆ ನಡೆಯಬೇಕು, ದೋಣಿ ಏರಬೇಕು. ಕಾರಂತರ ಕಾದಂಬರಿಗಳಲ್ಲಿ ನಡಿಗೆ, ದಾರಿ ತಪ್ಪುವುದು, ಕಡವಿನಲ್ಲಿ ಕಾಯುವುದು, ಗುರುತಿಲ್ಲದ ಮನೆಯಲ್ಲಿ ಉಳಿಯುವುದು ಪದೇ ಪದೇ ಬರುವುದಕ್ಕೆ ಕಾರಣ ಇದು.

‘ಬೆಟ್ಟದ ಜೀವ’ (1943) ಇಡಿಯಾಗಿ ಇಂಥ ಒಂದು ದಾರಿ ತಪ್ಪಿದ ಪ್ರಯಾಣದ ಮೇಲೆ ನಿಂತಿದೆ. ನಿರೂಪಕ ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿ, ಇಬ್ಬರು ಹಳ್ಳಿಗರ ನೆರವಿನಿಂದ ಗೋಪಾಲಯ್ಯ–ಶಂಕರಮ್ಮ ದಂಪತಿಗಳ ಮನೆ ಸೇರುತ್ತಾನೆ. ಕಾಡು ಕಡಿದು ಅಡಿಕೆ ತೋಟ ಎಬ್ಬಿಸಿದ ಮುದುಕ, ಮನೆ ಬಿಟ್ಟು ಹೋದ ಮಗ, ತೋಟಕ್ಕೆ ಕಾಡುಪ್ರಾಣಿಗಳ ಕಾಟ, ಎದುರಿಗೆ ಕುಮಾರಪರ್ವತ. ಹೊರಗಿನ ಘಟನೆಗಳು ಬಹಳ ಕಡಿಮೆ. ಮನುಷ್ಯ ಕಾಡಿನಿಂದ ಎಷ್ಟನ್ನು ಪಡೆಯಬಹುದು, ಪಡೆದುದನ್ನು ಯಾರಿಗಾಗಿ ಕಾಯಬೇಕು ಎಂಬ ಪ್ರಶ್ನೆಗಳು ತೋಟದ ದಿನನಿತ್ಯದ ಕೆಲಸದಿಂದಲೇ ಏಳುತ್ತವೆ. ‘ಕುಡಿಯರ ಕೂಸು’ (1951) ಇನ್ನೂ ಮೇಲೆ, ಘಟ್ಟದ ಮಲೆಕುಡಿಯರ ನಡುವೆ ಸಾಗುತ್ತದೆ.

ಕಡಲ ಬದಿಯ ಕಥೆ ‘ಮರಳಿ ಮಣ್ಣಿಗೆ’. 1940ರ ದಶಕದ ಆರಂಭದಲ್ಲಿ ಬಂದ ಈ ಕಾದಂಬರಿ ಕೋಟದ ಸಮೀಪದ ಕೋಡಿಯಲ್ಲಿ ಬಾಳಿದ ರಾಮ ಐತಾಳರ ಮನೆತನದ ಮೂರು ತಲೆಮಾರುಗಳ ಚರಿತ್ರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಮರಳು ಮಿಶ್ರಿತ ಗದ್ದೆ. ಪುರೋಹಿತಿಕೆಯ ಸಂಪಾದನೆ ಸಾಲದೆ ಮನೆಯ ಹೆಂಗಸರಾದ ಪಾರೋತಿ ಮತ್ತು ಸರಸೋತಿ ನಟ್ಟಿ, ಕಳೆ, ಗೊಬ್ಬರದ ಕೆಲಸಕ್ಕೆ ತಾವೇ ಇಳಿಯುತ್ತಾರೆ. ಎರಡನೆಯ ತಲೆಮಾರಿನ ಲಚ್ಚ ಇಂಗ್ಲಿಷ್ ಓದಿಗೆಂದು ಹೊರಟು ಮನೆ ಹಾಳುಮಾಡುತ್ತಾನೆ. ಮೂರನೆಯ ತಲೆಮಾರಿನ ರಾಮ ಮದ್ರಾಸಿನಲ್ಲಿ ಓದಿ, ಸ್ವಾತಂತ್ರ್ಯ ಚಳವಳಿ ಮತ್ತು ನಿರುದ್ಯೋಗಗಳನ್ನು ದಾಟಿ ಮತ್ತೆ ಆ ಮಣ್ಣಿಗೆ ಬರುತ್ತಾನೆ. ನೆರೆಯ ಶೀನಮಯ್ಯನ ಮನೆಯವರು ಹೋಟೆಲು ವ್ಯಾಪಾರದಲ್ಲಿ ದುಡ್ಡು ಮಾಡುತ್ತಾರೆ. ಹುಲ್ಲಿನ ಮಾಡಿಗೂ ಹೆಂಚಿನ ಮಾಡಿಗೂ ಇರುವ ಅಂತರ ಈ ಎರಡು ಮನೆಗಳ ಪೈಪೋಟಿಯ ಅಳತೆಗೋಲು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಬಳಿಕ ಹೆಂಚಿನ ಮಾಡು ಜಿಲ್ಲೆಯಲ್ಲೆಲ್ಲ ಅಂತಸ್ತಿನ ಗುರುತಾಗಿದ್ದು ಈ ವಿವರಕ್ಕೆ ಹಿನ್ನೆಲೆ. ಈ ಕಾದಂಬರಿಯಲ್ಲಿ ಮಳೆಗಾಲ ಅಲಂಕಾರಕ್ಕಾಗಿ ಬರುವುದಿಲ್ಲ: ನೆರೆ ಬಂದರೆ ಬೆಳೆ ಹೋಗುತ್ತದೆ, ಬೆಳೆ ಹೋದರೆ ಸಾಲ, ಸಾಲದಿಂದ ಮುಂದಿನ ಅಧ್ಯಾಯ.

ಕಾಲಗಣನೆಯೂ ಮಳೆಯದೇ. ತುಳು ತಿಂಗಳು ಬೇಶದ ಹತ್ತನೆಯ ದಿನ, ಪತ್ತನಾಜೆಗೆ (ಮೇ ಕೊನೆಯ ವಾರ) ಕೋಲ, ನೇಮ, ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತವೆ. ಆಮೇಲೆ ಬೇಸಾಯ, ಆಟಿ ತಿಂಗಳಲ್ಲಿ ಕೆಲಸವೂ ಕಡಿಮೆ, ಕಣಜವೂ ಬರಿದು. ಸಾರ್ವಜನಿಕ ಘಟನೆಗಳು ಒಣತಿಂಗಳುಗಳಿಗೂ, ಹಸಿವು, ರೋಗ, ಮನೆಯೊಳಗಿನ ಜಗಳಗಳು ಮಳೆತಿಂಗಳುಗಳಿಗೂ ಹಂಚಿಹೋಗುವುದು ಈ ಸೀಮೆಯ ಕಥನಗಳಲ್ಲಿ ಸಾಮಾನ್ಯ.

ಒಡೆತನ ಮತ್ತು ವಂಶ

ಭೂಗುಣದಷ್ಟೇ ಬಲವಾಗಿ ಕಥೆಯನ್ನು ತಿರುಗಿಸುವುದು ಗೇಣಿ ಪದ್ಧತಿ. ಮೂಲಗೇಣಿದಾರನಿಗೆ ಜಮೀನಿನ ಮೇಲೆ ಶಾಶ್ವತ ಹಕ್ಕಿತ್ತು. ಚಾಲಗೇಣಿದಾರನನ್ನು ಧಣಿ ಬೇಕೆಂದಾಗ ಎಬ್ಬಿಸಬಹುದಿತ್ತು. ಗೇಣಿ ಸಲ್ಲುತ್ತಿದ್ದುದು ಅಕ್ಕಿಯ ಮುಡಿಗಳಲ್ಲಿ. ಇವೆರಡಕ್ಕೂ ಕೆಳಗೆ, ಗೇಣಿಗೂ ಜಮೀನು ಸಿಗದ ಮೂಲದಾಳುಗಳು.

‘ಚೋಮನ ದುಡಿ’ ನಿಂತಿರುವುದು ಈ ಕೊನೆಯ ಮೆಟ್ಟಿಲಿನಲ್ಲಿ. ಭೋಗನಹಳ್ಳಿಯ ಚೋಮನ ಬಳಿ ಎರಡು ಎತ್ತುಗಳಿವೆ, ಉಳುವ ಆಸೆಯಿದೆ. ಹೊಲೆಯನಾದ ಅವನಿಗೆ ಉಳಲು ನೆಲ ಕೊಡುವವರಿಲ್ಲ. ಧಣಿ ಸಂಕಪ್ಪಯ್ಯ ಮನಸ್ಸು ಮಾಡಿದರೂ ಕಟ್ಟಳೆ ಬಿಡುವುದಿಲ್ಲ. ಘಟ್ಟದ ಕಾಫಿತೋಟದ ಸಾಲ ತೀರಿಸಲು ಮಕ್ಕಳಲ್ಲಿ ಕೆಲವರು ಹೋಗುತ್ತಾರೆ. ಕೊನೆಗೆ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಕೈತಪ್ಪುತ್ತಾರೆ: ಒಬ್ಬ ಜ್ವರದಿಂದ ಸಾಯುತ್ತಾನೆ, ಇನ್ನೊಬ್ಬ ಕ್ರೈಸ್ತನಾಗಿ ಅಲ್ಲೇ ಉಳಿಯುತ್ತಾನೆ, ಮಗಳು ಬೆಳ್ಳಿ ತೋಟದವರ ಕೈಗೆ ಸಿಗುತ್ತಾಳೆ, ಕಿರಿಯವನೊಬ್ಬ ಮೇಲ್ಜಾತಿಯವರ ಕಣ್ಣೆದುರೇ ಹೊಳೆಯಲ್ಲಿ ಮುಳುಗುತ್ತಾನೆ. ಮತಾಂತರವಾದರೆ ನೆಲ ಸಿಕ್ಕೀತು ಎಂದು ಹೊರಟ ಚೋಮನನ್ನು ಮನೆದೈವ ಪಂಜುರ್ಲಿಯ ಭಯ ಹಿಂದಕ್ಕೆ ಎಳೆಯುತ್ತದೆ. ಊರ ಗದ್ದೆ, ಘಟ್ಟದ ತೋಟ, ಇಗರ್ಜಿ, ದೈವದ ಗುಡಿ: ಈ ನಾಲ್ಕು ನೆಲೆಗಳ ನಡುವೆ ಚೋಮನಿಗೆ ಯಾವ ದಾರಿಯೂ ತೆರೆಯದಂತೆ ಹೆಣೆದಿರುವುದೇ ಕಾದಂಬರಿಯ ಸಂವಿಧಾನ. ಮಲೇರಿಯಾ ಪೀಡಿತ ಘಟ್ಟದ ಕೂಲಿ ಕೆಲಸ, ಮಿಶನ್ನಿನ ಚಟುವಟಿಕೆ, ಭೂತಾರಾಧನೆ ಈ ಮೂರೂ ಒಂದೇ ದಿನದ ನಡಿಗೆಯೊಳಗೆ ದೊರೆಯುವ ಸೀಮೆ ಕರ್ನಾಟಕದಲ್ಲಿ ಬೇರೆ ಕಡೆ ವಿರಳ.

ವಂಶಪದ್ಧತಿಯ ಕಡೆಯಿಂದ ಅಳಿಯಸಂತಾನ ಅಥವಾ ಅಳಿಯಕಟ್ಟು ಮುಖ್ಯ. ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ವಂಶ ಮತ್ತು ಆಸ್ತಿಯ ಹಕ್ಕು ತಾಯಿಯ ಕಡೆಯಿಂದ ಸಾಗುತ್ತಿತ್ತು. ಕುಟುಂಬದ ಆಡಳಿತ ಸಾಮಾನ್ಯವಾಗಿ ಹಿರಿಯ ಮಾವನ ಕೈಯಲ್ಲಿತ್ತು. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಪಾಲಿಗೆ ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅದನ್ನು ಇನ್ನಷ್ಟು ಸಡಿಲಿಸಿತು. ಬೇರೆ ಸೀಮೆಯ ಕೌಟುಂಬಿಕ ಕಾದಂಬರಿಯಲ್ಲಿ ತಂದೆ–ಮಗನ ನಡುವೆ ಇರುವ ಬಿಕ್ಕಟ್ಟು ಇಲ್ಲಿ ಮಾವ–ಅಳಿಯನ ನಡುವೆ ಏಳುತ್ತದೆ. ತನ್ನ ಮಕ್ಕಳಿಗೆ ಕೊಡಲಾಗದ ಆಸ್ತಿಯನ್ನು ಸೋದರಿಯ ಮಕ್ಕಳಿಗಾಗಿ ಕಾಯುವ ಗಂಡಸು, ಗಂಡನ ಮನೆಗೆ ಹೋಗದೆ ತವರಲ್ಲೇ ಒಡತಿಯಾಗಿ ಉಳಿಯುವ ಹೆಂಗಸು: ಇಂಥ ಪಾತ್ರಗಳಿಗೆ ಜಾಗ ದೊರೆಯುವುದು ಈ ಪದ್ಧತಿಯಿಂದ. ನಾ. ಮೊಗಸಾಲೆ ಅವರ ‘ಉಲ್ಲಂಘನೆ’ (2008) ಒಂದು ಬಂಟ ಮನೆತನದ ಹಲವು ತಲೆಮಾರುಗಳನ್ನು ಈ ಪದ್ಧತಿಯ ಏಳುಬೀಳಿನೊಡನೆ ಹಿಂಬಾಲಿಸುತ್ತದೆ. ಡಿ. ಕೆ. ಚೌಟರ ತುಳು ಕಾದಂಬರಿ ‘ಮಿತ್ತಬೈಲ್ ಯಮುನಕ್ಕೆ’ (2005) ಗುತ್ತಿನ ಮನೆಯ, ಅಂದರೆ ಊರಿನ ಧಣಿ ಮನೆತನದ ಕಥೆ. ಶೀರ್ಷಿಕೆಯಲ್ಲೇ ಮನೆಯ ಹೆಸರೂ ಮನೆಯೊಡತಿಯ ಹೆಸರೂ ಕೂಡಿವೆ.

1974ರ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಮಾಡಿತು. ಕರ್ನಾಟಕದಲ್ಲಿ ಅದು ಹೆಚ್ಚು ಪರಿಣಾಮಕಾರಿಯಾಗಿ ಜಾರಿಯಾದ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡವೂ ಒಂದು. ಗುತ್ತಿನ ಮನೆಯ ಅವನತಿ, ಪಾಲುಪಟ್ಟಿ, ಹಿಂದಿನ ಒಕ್ಕಲು ಧಣಿಯಾಗುವುದು ಆಮೇಲಿನ ಕಾದಂಬರಿಗಳಿಗೆ ಸಿದ್ಧ ವಸ್ತುಗಳಾದವು. ಕೆಲವು ಕೃತಿಗಳಲ್ಲಿ ಇವು ಹಳೆಯ ವೈಭವದ ಹಳಹಳಿಕೆಗೆ ಇಳಿದದ್ದೂ ಉಂಟು.

ದೈವ, ಮಠ, ಮಸೀದಿ

ಭೂತಾರಾಧನೆಯಲ್ಲಿ ದೈವವು ಪಾತ್ರಿಯ ಬಾಯಲ್ಲಿ ನುಡಿ ಕೊಡುತ್ತದೆ. ವ್ಯಾಜ್ಯ ತೀರಿಸುತ್ತದೆ, ಶಪಿಸುತ್ತದೆ, ಅಭಯ ಕೊಡುತ್ತದೆ. ಹಾಗಾಗಿ ಕಾದಂಬರಿಯಲ್ಲಿ ಅದಕ್ಕೆ ಘಟನೆಯನ್ನು ತಿರುಗಿಸುವ ಶಕ್ತಿ ಸಹಜವಾಗಿ ಬರುತ್ತದೆ. ಧಣಿಯ ಅಧಿಕಾರಕ್ಕೆ ದೈವದ ಒಪ್ಪಿಗೆ ಬೇಕು. ಕೋಲ ಕಟ್ಟುವವರೋ ಅಸ್ಪೃಶ್ಯರೆಂದು ದೂರವಿಟ್ಟ ಸಮುದಾಯದವರು. ಈ ವಿರೋಧ ಕರಾವಳಿ ಕಥನಕ್ಕೆ ವಿಶಿಷ್ಟವಾದುದು. ದೈವಗಳ ಕಥೆ ಹೇಳುವ ತುಳು ಹಾಡುಗಳಾದ ಪಾಡ್ದನಗಳ ಪ್ರಭಾವವೂ ಗಮನಾರ್ಹ: ಅನ್ಯಾಯವಾಗಿ ಸತ್ತವರು ದೈವವಾಗುವ ಪಾಡ್ದನದ ಕಥಾಕ್ರಮಕ್ಕೂ, ದುರಂತದಲ್ಲಿ ಮುಗಿದು ನ್ಯಾಯದ ಪ್ರಶ್ನೆಯನ್ನು ಉಳಿಸುವ ಕಾದಂಬರಿಗಳಿಗೂ ಹೋಲಿಕೆಯಿದೆ. ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ದೇವರು ಮತ್ತು ಕಾಮಗಳ ಬಗೆಗಿನ ನಂಬಿಕೆಗಳ ಚರಿತ್ರೆಯನ್ನು ಮೂಡೂರಿನ ಒಬ್ಬ ಮುದುಕಿಯ ಒಳಗಣ್ಣಿನ ಮೂಲಕ ಹೇಳುತ್ತದೆ. ಊರಿನಲ್ಲಿ ಸಿಗುವ ಹಳೆಯ ವಸ್ತುಗಳೇ ಅಲ್ಲಿ ಕಥೆಗೆ ಬಾಗಿಲು. ಈ ಕಾದಂಬರಿಯನ್ನು ಮುಂದಿಟ್ಟು ಕಾರಂತರಿಗೆ 1977ರ ಜ್ಞಾನಪೀಠ ಪ್ರಶಸ್ತಿ ನೀಡಲಾಯಿತು.

ಮುಸ್ಲಿಂ ಸಮಾಜದ ಒಳಗಿನಿಂದ ಬಂದ ಮೊದಲ ಪ್ರಬಲ ದನಿ ಸಾರಾ ಅಬೂಬಕ್ಕರ್ (1936–2023). ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ್ದ ಅವರ ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ತಂದೆಯ ಹಟಕ್ಕೆ ತಲಾಖ್ ಪಡೆದ ನಾದಿರಾ ಮತ್ತೆ ಗಂಡ ರಶೀದನನ್ನು ಸೇರಬೇಕಾದರೆ ಇನ್ನೊಬ್ಬನ ಜೊತೆ ಒಂದು ದಿನದ ಮದುವೆ ಆಗಲೇಬೇಕಾಗುತ್ತದೆ. ಆಕೆ ಮಸೀದಿಯ ಕೆರೆಯಲ್ಲಿ ಸಾವಿಗೆ ಶರಣಾಗುತ್ತಾಳೆ. ಚಂದ್ರಗಿರಿ ಹೊಳೆ ಸಾಂಪ್ರದಾಯಿಕವಾಗಿ ತುಳುನಾಡಿನ ತೆಂಕಣ ಗಡಿ. ಕಾದಂಬರಿಯಲ್ಲಿ ನೀರು ಎರಡು ಬಗೆಯದು: ಆಚೀಚೆ ಓಡಾಡಲು ಬಿಡುವ ಹೊಳೆ, ಸುತ್ತ ಕಟ್ಟೆಯಿರುವ ಕೆರೆ. ಕಥೆ ಹೊಳೆಯ ದಡದಲ್ಲಿ ತೊಡಗಿ ಕೆರೆಯಲ್ಲಿ ಮುಗಿಯುವಾಗ ಹೆಣ್ಣಿನ ಓಡಾಟದ ಆವರಣ ಕಿರಿದಾಗುತ್ತ ಬಂದದ್ದನ್ನು ಭೂಚಿತ್ರವೇ ಹೇಳುತ್ತದೆ. ‘ಸಹನಾ’, ‘ವಜ್ರಗಳು’, ‘ಕದನ ವಿರಾಮ’ ಅವರ ಇತರ ಕಾದಂಬರಿಗಳು.

ಬೊಳುವಾರು ಮಹಮ್ಮದ್ ಕುಂಞಿ ಅವರು ಪುತ್ತೂರು ಸೀಮೆಯ ಮೇಲೆ ಮುತ್ತುಪ್ಪಾಡಿ ಎಂಬ ಕಲ್ಪಿತ ಊರನ್ನು ಕಟ್ಟಿ ಕಥೆಗಳನ್ನೂ ಕಾದಂಬರಿಗಳನ್ನೂ ಅಲ್ಲಿಯೇ ನೆಲೆಗೊಳಿಸಿದರು. ‘ಸ್ವಾತಂತ್ರ್ಯದ ಓಟ’ (2012) ದೇಶವಿಭಜನೆಯ ಕಥೆಯನ್ನು ಆ ಊರಿಗೆ ಜೋಡಿಸುತ್ತದೆ. ಅದಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಭಾಷೆ

ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಹವ್ಯಕ ಅಥವಾ ಕುಂದಾಪುರ ಕನ್ನಡ, ಮಲಯಾಳ. ಶಾಲೆಯಲ್ಲಿ, ಕಚೇರಿಯಲ್ಲಿ, ಅಚ್ಚಿನಲ್ಲಿ ಪುಸ್ತಕದ ಕನ್ನಡ. ಜಿಲ್ಲೆಯ ಬಹುಪಾಲು ಕನ್ನಡ ಕಾದಂಬರಿಗಳಲ್ಲಿ ಪಾತ್ರಗಳು ನಿಜಜೀವನದಲ್ಲಿ ಆಡುತ್ತಿದ್ದ ಭಾಷೆ ಬೇರೆ, ಪುಟದ ಮೇಲಿನ ಭಾಷೆ ಬೇರೆ. ಚೋಮ ತುಳುವ, ಅವನ ಮಾತು ನಮಗೆ ಸಿಗುವುದು ಕನ್ನಡದಲ್ಲಿ. ಇದನ್ನು ನಿಭಾಯಿಸಲು ಲೇಖಕರು ಹಿಡಿದ ದಾರಿಗಳು ಮೂರು. ಗುಲ್ವಾಡಿಯವರು ಸಂಸ್ಕೃತಭೂಯಿಷ್ಠ ಗದ್ಯದ ನಡುವೆ ಆಡುಮಾತಿನ ಸಂಭಾಷಣೆ ತಂದರು. ಕಾರಂತರು ಬೇಸಾಯ, ಜಾತಿ, ಆಚರಣೆಗಳ ಸ್ಥಳೀಯ ಪದಗಳನ್ನು ಉಳಿಸಿಕೊಂಡು ವಾಕ್ಯರಚನೆಯನ್ನು ಸರಳ ಕನ್ನಡಕ್ಕೆ ತಂದರು. ‘ಮರಳಿ ಮಣ್ಣಿಗೆ’ಯಲ್ಲಿ ಕೋಟದ ಕನ್ನಡಕ್ಕೆ ಹೆಚ್ಚು ಅವಕಾಶವಿದೆ. ಎಚ್. ನಾಗವೇಣಿ ಅವರ ‘ಗಾಂಧಿ ಬಂದ’ (1999) ಮೂರನೆಯ ದಾರಿ ಹಿಡಿದು ತುಳುವಿನ ಜಾಯಮಾನ ಬೆರೆತ ಕನ್ನಡವನ್ನೇ ಬಳಸಿತು. ಗಾಂಧೀಜಿ 1920, 1927 ಮತ್ತು 1934ರಲ್ಲಿ ಮಂಗಳೂರಿಗೆ ಬಂದಿದ್ದರು. ಆ ಕಾಲದ ಊರಿನಲ್ಲಿ ಜಾತಿ, ಹೆಣ್ಣು, ಅಳಿಯಕಟ್ಟುಗಳ ಮೇಲೆ ಚಳವಳಿಯ ಗಾಳಿ ಬೀಸಿದ ಬಗೆ ಈ ಕಾದಂಬರಿಯ ವಸ್ತು.

ತುಳುವಿನಲ್ಲಿ ಕಾದಂಬರಿ 1930ರ ದಶಕದಲ್ಲಿ, ತುಳು ಚಳವಳಿಯ ನೇತಾರ ಎಸ್. ಯು. ಪಣಿಯಾಡಿ ಅವರ ‘ಸತಿ ಕಮಲೆ’ಯೊಡನೆ ಕಾಣಿಸಿಕೊಂಡಿತು. ಕನ್ನಡ ಲಿಪಿಯ ಕೊಂಕಣಿಯಲ್ಲಿ ಖಡಾಪ್ ಎಂಬ ಕಾವ್ಯನಾಮದ ವಿ. ಜೆ. ಪಿ. ಸಲ್ಡಾನ್ಹಾ ಅವರ ಐತಿಹಾಸಿಕ ಕಾದಂಬರಿಗಳು ಪ್ರಸಿದ್ಧ. ‘ಬೆಳ್ತಂಗಡಿಚೊ ಬಾಲ್ತಜಾರ್’ ಮೊದಲಾದವು ಟಿಪ್ಪು ಸುಲ್ತಾನನ ಕಾಲದಲ್ಲಿ, 1784ರಿಂದ 1799ರವರೆಗೆ, ಮಂಗಳೂರಿನ ಕಥೋಲಿಕರು ಶ್ರೀರಂಗಪಟ್ಟಣದಲ್ಲಿ ಅನುಭವಿಸಿದ ಸೆರೆವಾಸದ ನೆನಪಿನಿಂದ ಹುಟ್ಟಿದವು.

ಬಗೆಗಳು

ವಸ್ತುವಿನ ದೃಷ್ಟಿಯಿಂದ ಸುಧಾರಣಾ ಕಾದಂಬರಿ, ಬೇಸಾಯದ ಕಾದಂಬರಿ, ಮನೆತನದ ಕಾದಂಬರಿ, ಐತಿಹಾಸಿಕ ಕಾದಂಬರಿ, ವಲಸೆಯ ಕಾದಂಬರಿ ಎಂದು ವಿಂಗಡಿಸಬಹುದು. ಒಂದು ಕೃತಿ ಎರಡು ಮೂರು ವರ್ಗಗಳಿಗೆ ಸೇರುವುದು ಸಾಮಾನ್ಯ. ಮೊದಲ ಮೂರರ ಮುಖ್ಯ ಕೃತಿಗಳು ಮೇಲೆ ಬಂದಿವೆ.

ಐತಿಹಾಸಿಕ ವರ್ಗದಲ್ಲಿ ನಿರಂಜನರು (ಕುಳಕುಂದ ಶಿವರಾಯ, 1924–1992) ಪ್ರಮುಖರು. ‘ಕಲ್ಯಾಣಸ್ವಾಮಿ’ 1837ರ ಅಮರಸುಳ್ಯ ದಂಗೆಯ ಕಥೆ. ಆ ದಂಗೆಯಲ್ಲಿ ಸುಳ್ಯದ ಕಡೆಯಿಂದ ಇಳಿದ ರೈತರ ದಂಡು ಮಂಗಳೂರನ್ನು ಕೆಲವು ದಿನ ವಶದಲ್ಲಿಟ್ಟುಕೊಂಡಿತ್ತು. ‘ಚಿರಸ್ಮರಣೆ’ (1955) ಕಯ್ಯೂರಿನ ರೈತ ಹೋರಾಟವನ್ನು ಕುರಿತದ್ದು. 1941ರಲ್ಲಿ ಜಮೀನ್ದಾರಿ ದೌರ್ಜನ್ಯದ ವಿರುದ್ಧದ ಮೆರವಣಿಗೆಗೆ ಎದುರಾದ ಪೊಲೀಸನೊಬ್ಬ ಹೊಳೆಯಲ್ಲಿ ಮುಳುಗಿ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರು ಯುವಕರನ್ನು ಗಲ್ಲಿಗೇರಿಸಲಾಯಿತು. ಕಯ್ಯೂರು ಆಗ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿತ್ತು. ನಿರಂಜನರು ಹತ್ತಿರದ ನೀಲೇಶ್ವರದಲ್ಲಿ ಓದಿದವರು. ಮಲಯಾಳಕ್ಕೆ ಅನುವಾದಗೊಂಡ ಈ ಕೃತಿಗೆ ಕೇರಳದಲ್ಲೂ ದೊಡ್ಡ ಓದುಗವರ್ಗ ದೊರೆಯಿತು. ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ (2009) ಪೋರ್ಚುಗೀಸರ ಕಾಲದಲ್ಲಿ ಗೋವಾದಿಂದ ತೆಂಕಣಕ್ಕೆ ಬಂದ ಸಾರಸ್ವತರ ಹಲವು ತಲೆಮಾರುಗಳನ್ನು ಹಿಡಿದಿಡುತ್ತದೆ. ಅದಕ್ಕೆ 2011ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನೆಲೆ ಬಿಟ್ಟವರು ಹೊಸ ನೆಲದಲ್ಲಿ ಬೇಸಾಯ, ವ್ಯಾಪಾರ, ದೇವಸ್ಥಾನಗಳನ್ನು ಕಟ್ಟಿಕೊಳ್ಳುವ ವಿವರಗಳೇ ಅದರ ಬಲ.

ವಲಸೆಯ ದಿಕ್ಕು ಹೊರಮುಖವಾಗಿಯೂ ಇದೆ. ಕಿರಿದಾದ ಜಮೀನು, ಬೇಗ ಬಂದ ಇಂಗ್ಲಿಷ್ ಶಿಕ್ಷಣ, ಹಡಗಿನ ಸಂಪರ್ಕ ಇವು ಇಲ್ಲಿಯ ಜನರನ್ನು ಮುಂಬಯಿಗೆ ಕಳಿಸಿದವು. ಕಾರಂತರ ‘ಅಳಿದ ಮೇಲೆ’ (1960) ಮುಂಬಯಿಯಲ್ಲಿ ತೀರಿಕೊಂಡವನ ಬದುಕನ್ನು ಅವನ ಊರಿನವರ ಬಳಿ ಹುಡುಕುತ್ತ ಸಾಗುತ್ತದೆ. ಉಡುಪಿ ಮೂಲದ ವ್ಯಾಸರಾಯ ಬಲ್ಲಾಳರು (1923–2008) ಮುಂಬಯಿಯ ಕಾರ್ಮಿಕ ಜಗತ್ತನ್ನು ‘ಬಂಡಾಯ’ದಲ್ಲಿ ಚಿತ್ರಿಸಿ 1986ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕಡಲು ಇಷ್ಟು ಹತ್ತಿರವಿದ್ದರೂ ಮೀನುಗಾರಿಕೆಯನ್ನೇ ನಡುವಿಟ್ಟು, ಮಲಯಾಳದ ‘ಚೆಮ್ಮೀನ್’ (1956) ಪಡೆದಂಥ ಸ್ಥಾನ ಪಡೆದ ಕಾದಂಬರಿ ಈ ಸೀಮೆಯ ಕನ್ನಡದಲ್ಲಿ ಬರಲಿಲ್ಲ. ಬರೆದವರಲ್ಲಿ ಹೆಚ್ಚಿನವರು ಗದ್ದೆ, ತೋಟ, ಪೇಟೆಗಳ ಮನೆಯವರಾಗಿದ್ದುದು ಇದಕ್ಕೆ ಒಂದು ಕಾರಣವಿರಬಹುದು.

ಬಳಕೆ ಮತ್ತು ಅಧ್ಯಯನ

ಬಿ. ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ ಚಿತ್ರ (1975) ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಚೋಮನ ಪಾತ್ರದ ಎಂ. ವಿ. ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿತು. ಪಿ. ಶೇಷಾದ್ರಿ ‘ಬೆಟ್ಟದ ಜೀವ’ವನ್ನೂ (2011) ‘ಮೂಕಜ್ಜಿಯ ಕನಸುಗಳು’ ಕೃತಿಯನ್ನೂ (2019) ತೆರೆಗೆ ತಂದರು. ವಿಮರ್ಶೆಯಲ್ಲಿ ಶಿವರಾಮ ಪಡಿಕ್ಕಲ್ ಅವರ ‘ನಾಡು-ನುಡಿಯ ರೂಪಕ’ ಕನ್ನಡದ ಮೊದಲ ಕಾದಂಬರಿಗಳನ್ನು ವಸಾಹತು ಆಧುನಿಕತೆಯ ಹಿನ್ನೆಲೆಯಲ್ಲಿ ಓದಿದ ಮುಖ್ಯ ಗ್ರಂಥ. ಬಿ. ಎ. ವಿವೇಕ ರೈ ಅವರ ತುಳು ಜನಪದ ಸಾಹಿತ್ಯದ ಸಂಶೋಧನೆ ಪಾಡ್ದನ ಮತ್ತು ಭೂತಾರಾಧನೆಯ ಅರಿವಿಗೆ ಆಧಾರ ಒದಗಿಸಿತು. 1980ರಲ್ಲಿ ಕೊಣಾಜೆಯಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯ ಈ ಅಧ್ಯಯನಗಳಿಗೆ ಕೇಂದ್ರ.

ಇಂದಿನ ಸ್ಥಿತಿ

ಸೇತುವೆಗಳು ಬಂದ ಮೇಲೆ ಕಡವು ಕಥೆಯಿಂದ ಸರಿಯಿತು. ಭತ್ತದ ಗದ್ದೆಗಳು ಅಡಿಕೆ ತೋಟಗಳಾಗಿಯೂ ನಿವೇಶನಗಳಾಗಿಯೂ ಬದಲಾದಂತೆ ಬೇಸಾಯದ ಕಾದಂಬರಿ ನೆನಪಿನ ಕಾದಂಬರಿಯಾಯಿತು. ನವಮಂಗಳೂರು ಬಂದರು, ಸುರತ್ಕಲ್ ಕಡೆಯ ಕೈಗಾರಿಕೆಗಳು, ಕೊಲ್ಲಿ ದೇಶಗಳ ದುಡಿಮೆ, ವೃತ್ತಿ ಕಾಲೇಜುಗಳು ಮತ್ತು ಕೋಮು ಬಿರುಕುಗಳಿಂದ ಕೂಡಿದ ಇಂದಿನ ನಗರ, ಗುತ್ತಿನ ಮನೆ ಪಡೆದಷ್ಟು ದಟ್ಟವಾದ ಕಾದಂಬರಿರೂಪವನ್ನು ಕನ್ನಡದಲ್ಲಿ ಇನ್ನೂ ಪಡೆದಿಲ್ಲ. ಇಂಗ್ಲಿಷಿನಲ್ಲಿ, ಮಂಗಳೂರಿನಲ್ಲಿ ಬೆಳೆದ ಅರವಿಂದ ಅಡಿಗ ‘ಬಿಟ್ವೀನ್ ದಿ ಅಸಾಸಿನೇಷನ್ಸ್’ (2008) ಕಥಾಗುಚ್ಛದಲ್ಲಿ ಕಿಟ್ಟೂರೆಂಬ ಕಲ್ಪಿತ ಕರಾವಳಿ ಪಟ್ಟಣವನ್ನು ಬೀದಿ ಬೀದಿಯಾಗಿ ಕಟ್ಟಿದರು. ಗಡಿಯಾಚೆ ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳ ಕಾದಂಬರಿ ‘ಎನ್ಮಕಜೆ’ (2009) ಕಾಸರಗೋಡಿನ ಗೇರುತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನಿನ ದುರಂತವನ್ನು ತುಳು-ಕನ್ನಡ ಆಡುವ ಗ್ರಾಮದಲ್ಲೇ ನೆಲೆಗೊಳಿಸಿದೆ.

ಹಳೆಯ ಕೃತಿಗಳ ಮರುಓದು ಈಚೆಗೆ ಚುರುಕಾಗಿದೆ. ‘ಚಂದ್ರಗಿರಿಯ ತೀರದಲ್ಲಿ’ ವನಮಾಲಾ ವಿಶ್ವನಾಥ ಅವರಿಂದ 2001ರಲ್ಲಿ ಇಂಗ್ಲಿಷಿಗೆ ಬಂತು. ‘ಮಿತ್ತಬೈಲ್ ಯಮುನಕ್ಕೆ’ ಮತ್ತು ‘ಸತಿ ಕಮಲೆ’ಗಳನ್ನು ಬಿ. ಸುರೇಂದ್ರ ರಾವ್ ಮತ್ತು ಕೆ. ಚಿನ್ನಪ್ಪ ಗೌಡ ತುಳುವಿನಿಂದ ಇಂಗ್ಲಿಷಿಗೆ ತಂದರು. ‘ಇಂದಿರಾಬಾಯಿ’ಯ ಹೊಸ ಇಂಗ್ಲಿಷ್ ಅನುವಾದ, ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರದು, 2019ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಿಂದ ಪ್ರಕಟವಾಯಿತು.